ಉಡುತಡಿಯ ಹುಡುಗಿ ಅಕ್ಕನಾದದ್ದು

ನಮ್ಮ ಸಹಕಾರ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಬ್ಬ ಮಹಾತ್ಮರ ಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಬಸವಣ್ಣನವರ ಬಗ್ಗೆ, ಗಾಂಧೀಜಿಯವರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಸಂಘದ ಕಚೇರಿಯಲ್ಲಿ ಕ್ಯಾಷಿಯರ್ ಮೇಜಿನ ಮೇಲ್ಗಡೆ ಗೋಡೆಗೆ ಮೂರು ಫೋಟೋ ಇವೆ. ಎರಡು ಇವರದೇ. ಮೂರನೆಯದು ಉದ್ದ ಕೂದಲು ಇಳಿಬಿಟ್ಟು, ಅಂಗೈಯಲ್ಲಿ ಲಿಂಗ ಹಿಡಿದು ನಿಂತ ಹೆಣ್ಣುಮಗಳದ್ದು. ಸಾಲದ ಕಂತು ಕಟ್ಟಲು ಬಂದವರೆಲ್ಲ ಅದನ್ನು ನೋಡಿಯೇ ಹೋಗುತ್ತಾರೆ. ಚೈತ್ರದ ದವನದ ಹುಣ್ಣಿಮೆಗೆ ಹೂವಿನ ಹಾರವೂ ಬೀಳುತ್ತದೆ. ಆದರೆ ಆಕೆ ಮನೆ ಬಿಟ್ಟು ಹೊರಟಾಗ ವಯಸ್ಸೆಷ್ಟು, ಯಾಕೆ ಹೊರಟಳು, ಯಾರಿಗೆ ಎದುರು ನಿಂತಳು ಅಂತ ಕೇಳಿದರೆ ನಮ್ಮಲ್ಲಿ ಎಷ್ಟು ಜನ ಸರಿಯಾಗಿ ಹೇಳಿಯಾರು? ಹಾಗಾಗಿ ಅಕ್ಕಮಹಾದೇವಿಯ ಚರಿತ್ರೆಯನ್ನೇ ಬರೆಯೋಣ ಅಂತ ತೀರ್ಮಾನಿಸಿದೆವು.

ಮೊದಲೇ ಒಂದು ಮಾತು. ಅಕ್ಕ ಬಾಳಿದ್ದು 12ನೇ ಶತಮಾನದಲ್ಲಿ. ಅವಳ ಹುಟ್ಟಿದ ತಾರೀಖು, ಲಗ್ನಪತ್ರಿಕೆ, ಇವೆಲ್ಲ ಯಾರ ಬಳಿಯೂ ಇಲ್ಲ. ನಮಗೆ ತಿಳಿದಿರುವುದು ಎರಡು ದಾರಿಯಿಂದ. ಒಂದು, ಅವಳದೇ ವಚನಗಳು. ಇನ್ನೊಂದು, ಕವಿಗಳು ಬರೆದ ಚರಿತ್ರೆ. ಹಂಪೆಯ ಹರಿಹರ ಕವಿ ಮಹಾದೇವಿಯಕ್ಕನ ರಗಳೆಯನ್ನು ಬರೆದ. ಅವನು ಅಕ್ಕನ ಕಾಲಕ್ಕೆ ಬಹಳ ಹತ್ತಿರದವನು. ಆಮೇಲೆ 15ನೇ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ, ಚಾಮರಸನ ಪ್ರಭುಲಿಂಗಲೀಲೆ ಬಂತು. ಶೂನ್ಯಸಂಪಾದನೆಗಳೂ ಅಲ್ಲಿಂದೀಚೆಗೆ ಬಂದವು. ಇವರೆಲ್ಲ ಒಂದೇ ಕಥೆ ಹೇಳುವುದಿಲ್ಲ. ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳಿಯೇ ಮುಂದೆ ಹೋಗುತ್ತೇವೆ.

ಉಡುತಡಿ ಎಂದರೆ ಈಗಿನ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಉಡುಗಣಿ. ಹತ್ತಿರದಲ್ಲೇ ಬಳ್ಳಿಗಾವೆ. ಆ ಕಾಲಕ್ಕೆ ಬಳ್ಳಿಗಾವೆ ಅಂದರೆ ಸಾಮಾನ್ಯ ಊರಲ್ಲ, ಬನವಾಸಿ ನಾಡಿಗೆ ರಾಜಧಾನಿ. ಮಠ, ಮಂದಿರ, ಪಂಡಿತರು, ವ್ಯಾಪಾರಿಗಳು, ಎಲ್ಲರೂ ಅಲ್ಲಿದ್ದರು. ಅಲ್ಲಮಪ್ರಭುವಿನ ಹೆಸರೂ ಅದೇ ಊರಿನೊಂದಿಗೆ ಕೂಡಿಕೊಂಡಿದೆ. ಅಂಥ ಸೀಮೆಯಲ್ಲಿ, ಶಿವಭಕ್ತರಾದ ತಂದೆತಾಯಿಗಳಿಗೆ ಹುಟ್ಟಿದ ಮಗು ಮಹಾದೇವಿ. ತಂದೆತಾಯಿಗಳ ಹೆಸರು ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ. ನಾವೆಲ್ಲ ಕೇಳಿಕೊಂಡು ಬಂದದ್ದು ನಿರ್ಮಲಶೆಟ್ಟಿ, ಸುಮತಿ ಅಂತ. ಅದನ್ನೇ ಇಟ್ಟುಕೊಳ್ಳೋಣ.

ಹುಡುಗಿ ಚಿಕ್ಕಂದಿನಿಂದಲೇ ಸ್ವಲ್ಪ ಬೇರೆ. ಓರಗೆಯ ಹುಡುಗಿಯರ ಲೋಕ ಒಂದು ಕಡೆಯಾದರೆ ಇವಳದ್ದು ಇನ್ನೊಂದು ಕಡೆ. ಗುರುವಿನಿಂದ ಲಿಂಗದೀಕ್ಷೆ ಆದ ಮೇಲಂತೂ ಪೂಜೆ, ಶರಣರ ಸೇವೆ, ಇವೇ ಅವಳ ದಿನಚರಿ. ಚೆನ್ನಮಲ್ಲಿಕಾರ್ಜುನನೇ ತನ್ನ ಗಂಡ, ಬೇರೆ ಗಂಡ ತನಗಿಲ್ಲ ಎಂಬುದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಬೆಳೆದ ಮಗಳು ಹೀಗೆ ಮಾತಾಡಿದರೆ ಊರಲ್ಲಿ ಜನ ಏನನ್ನುತ್ತಾರೆ? ಈಗಲೇ ಅನ್ನುವವರು ಅನ್ನುತ್ತಾರೆ, ಇನ್ನು ಎಂಟುನೂರು ವರ್ಷದ ಹಿಂದೆ ಕೇಳಬೇಕೆ! ಆದರೂ ಅವಳು ಯಾರ ಮೇಲೂ ಸಿಡುಕಿದವಳಲ್ಲ. ಮುಂದೆ ಅವಳು ಬರೆದ ವಚನಗಳನ್ನು ಓದಿದರೆ ಗಿಳಿ, ಕೋಗಿಲೆ, ನವಿಲು, ದುಂಬಿ, ಎಲ್ಲವನ್ನೂ ಮನೆಯವರಂತೆ ಮಾತಾಡಿಸುತ್ತಾಳೆ. ಅಷ್ಟು ಮೆದು ಮನಸ್ಸು. ಆ ಮೆದು ಮನಸ್ಸಿನ ಒಳಗೆ ಎಂಥ ಗಟ್ಟಿತನ ಇತ್ತು ಅನ್ನುವುದು ಒಂದು ದಿನ ಬೆಳಕಿಗೆ ಬರಬೇಕಾಯಿತು.

ಆ ಸೀಮೆಯ ದೊರೆ ಕೌಶಿಕ. ಅವನೇನು ಚಕ್ರವರ್ತಿಯಲ್ಲ. ಆದರೆ ಹಳ್ಳಿಯವರ ಪಾಲಿಗೆ ಹತ್ತಿರದ ದೊರೆಯೇ ದೊಡ್ಡ ದೊರೆ. ಒಂದು ದಿನ ಅವನ ಸವಾರಿ ಊರ ಬೀದಿಯಲ್ಲಿ ಹೊರಟಿತ್ತು. ಊರಿಗೆ ಊರೇ ನೋಡಲು ನಿಂತಿತ್ತು. ಎಲ್ಲರಂತೆ ಮಹಾದೇವಿಯೂ ನಿಂತು ನೋಡುತ್ತಿದ್ದಳು. ದೊರೆಯ ಕಣ್ಣು ಅವಳ ಮೇಲೆ ಬಿತ್ತು. ಆಗ ಅವಳಿಗೆ ಹದಿನಾರರ ಆಸುಪಾಸು ಎಂದು ಜನ ನಂಬಿಕೊಂಡು ಬಂದಿದ್ದಾರೆ.

ಅರಮನೆಗೆ ಹೋದವನೇ ಹೆಣ್ಣು ಕೇಳಲು ಮಂತ್ರಿಗಳನ್ನು ಕಳಿಸಿದ. ಮನೆಗೆ ದೊರೆಯ ಕಡೆಯವರು ಹೆಣ್ಣು ಕೇಳಲು ಬಂದರೆ ಅದು ಕೇಳಿದ ಹಾಗಲ್ಲ, ಅಪ್ಪಣೆ ಮಾಡಿದ ಹಾಗೆ. ತಂದೆತಾಯಿಗೆ ಇದು ಇಷ್ಟವಿರಲಿಲ್ಲ. ಕೌಶಿಕ ಬೇರೆ ಮತದವನು, ಮಗಳ ಮನಸ್ಸು ಎಲ್ಲಿದೆ ಅನ್ನುವುದೂ ಅವರಿಗೆ ಗೊತ್ತು. ಆಗುವುದಿಲ್ಲ ಅಂದರು. ಅಂದ ಕೂಡಲೇ ಬಂದವರ ಧಾಟಿ ಬದಲಾಯಿತು. ಮೊದಲು ಆಸೆ ತೋರಿಸಿದವರು ಆಮೇಲೆ ಜೀವಭಯ ತೋರಿಸಿದರು. ಮಗಳನ್ನು ಕೊಟ್ಟರೆ ಸರಿ, ಇಲ್ಲದಿದ್ದರೆ ಅಪ್ಪ ಅಮ್ಮ ಉಳಿಯುವುದಿಲ್ಲ ಅನ್ನುವ ಮಟ್ಟಕ್ಕೆ ಮಾತು ಹೋಯಿತು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಈ ಭಾಗವನ್ನು ಓದುವಾಗಲೆಲ್ಲ ನಮಗೆ ಒಂದು ಪ್ರಶ್ನೆ ಕಾಡುತ್ತದೆ. ಉಡುತಡಿಯ ಹಿರಿಯರು ಆಗ ಎಲ್ಲಿದ್ದರು? ಅಕ್ಕಪಕ್ಕದವರು, ನೆಂಟರು, ನಾಲ್ಕು ಜನ ದೊಡ್ಡವರು? ಮಂತ್ರಿಗಳ ಎದುರು ಬಂದು, ಹುಡುಗಿಗೆ ಇಷ್ಟವಿಲ್ಲ ಸ್ವಾಮಿ, ಬಿಟ್ಟುಬಿಡಿ ಅಂತ ಹೇಳಿದವರ ಹೆಸರನ್ನು ನಾವು ಓದಿದ ಯಾವ ಪುಸ್ತಕದಲ್ಲೂ ಕಾಣಲಿಲ್ಲ. ಭಯ ಇತ್ತು, ಒಪ್ಪೋಣ. ದೊರೆಯನ್ನು ಎದುರು ಹಾಕಿಕೊಂಡು ಯಾರು ಬದುಕುತ್ತಾರೆ ಅಂತ ಎಲ್ಲರೂ ಬಾಗಿಲು ಹಾಕಿಕೊಂಡಿರಬೇಕು.

ಉಡುತಡಿಯವರನ್ನು ದೂರುವ ಯೋಗ್ಯತೆ ನಮಗೂ ಇಲ್ಲ, ಅದನ್ನೂ ಹೇಳಿಬಿಡುತ್ತೇವೆ. ಬಹಳ ವರ್ಷದ ಹಿಂದೆ, ಸಂಘ ಇನ್ನೂ ಹುಟ್ಟಿರದ ಕಾಲದಲ್ಲಿ, ನಮ್ಮ ಪರಿಚಯದ ಒಂದು ಮನೆಯಲ್ಲಿ ಹೈಸ್ಕೂಲು ಓದುತ್ತಿದ್ದ ಹುಡುಗಿಯನ್ನು ಓದು ಬಿಡಿಸಿ ಮದುವೆ ಮಾಡಿದರು. ಅವಳ ಅಪ್ಪ ಸಾಲದಲ್ಲಿದ್ದ. ಹೆಣ್ಣು ಕೇಳಿದ್ದು ಸಾಲ ಕೊಟ್ಟವರ ಮನೆಯವರು. ಅಪ್ಪನಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಹುಡುಗಿ ಅತ್ತಳು ಅಂತ ಊರಿಗೆಲ್ಲ ಗೊತ್ತಿತ್ತು. ನಾವು ಚಪ್ಪರಕ್ಕೆ ಹೋಗಿ, ಅಕ್ಕಿಕಾಳು ಹಾಕಿ, ಹೋಳಿಗೆ ಉಂಡು ಬಂದೆವು. ಈಗ ಸಂಘದ ಸಾಲದ ಪತ್ರಗಳನ್ನು ನೋಡುವಾಗ ಕೆಲವು ಸಲ ಆ ಚಪ್ಪರ ನೆನಪಾಗುತ್ತದೆ.

ಇರಲಿ, ಚರಿತ್ರೆಗೆ ಬರೋಣ.

ಇಲ್ಲಿಂದ ಕವಿಗಳ ದಾರಿ ಬೇರೆಯಾಗುತ್ತದೆ. ಹರಿಹರ ಹೇಳುವ ಪ್ರಕಾರ, ತಂದೆತಾಯಿಯ ಜೀವ ಉಳಿಸಲು ಮಹಾದೇವಿ ಮದುವೆಗೆ ಒಪ್ಪಿದಳು. ಆದರೆ ಸುಮ್ಮನೆ ಒಪ್ಪಲಿಲ್ಲ. ಮೂರು ಷರತ್ತು ಹಾಕಿದಳು. ತನ್ನಿಷ್ಟದಂತೆ ಲಿಂಗಪೂಜೆ ಮಾಡಿಕೊಂಡಿರಬೇಕು, ತನ್ನಿಷ್ಟದಂತೆ ಶಿವಭಕ್ತರ ಜೊತೆ ಇರಬೇಕು, ತನ್ನಿಷ್ಟದಂತೆ ಗುರುಸೇವೆ ಮಾಡಬೇಕು. ಇದಕ್ಕೆ ದೊರೆ ಅಡ್ಡ ಬರಕೂಡದು. ಮೂರು ತಪ್ಪಿನ ತನಕ ಸೈರಿಸುವುದಾಗಿಯೂ ಹೇಳಿದಳು. ಅದಾದ ಮೇಲೆ ಅವನಿಗೂ ತನಗೂ ಸಂಬಂಧವಿಲ್ಲ. ದೊರೆ ಆಸೆಯ ಭರದಲ್ಲಿ ಎಲ್ಲಕ್ಕೂ ಹೂಂ ಅಂದುಬಿಟ್ಟ. ಕೈಯಲ್ಲಿ ಸೈನ್ಯವಿಲ್ಲ, ಬೆನ್ನಿಗೆ ಊರಿಲ್ಲ, ಎದುರಿಗೆ ದೊರೆಯ ಮಂತ್ರಿಗಳು. ಅಂಥ ಹೊತ್ತಿನಲ್ಲಿ ಅಳದೆ, ಕೂಗಾಡದೆ, ತನಗೆ ಬೇಕಾದ್ದನ್ನು ಒಂದೊಂದಾಗಿ ಎಣಿಸಿ ಕರಾರು ಮಾಡಿಕೊಳ್ಳುವ ಹದಿಹರೆಯದ ಹುಡುಗಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕರಾರು ಪತ್ರಕ್ಕೆ ಓದದೆಯೇ ಸಹಿ ಹಾಕುವ ನಮ್ಮಂಥ ದೊಡ್ಡವರಿಗೆ ಇದು ಸೋಜಿಗವೇ ಸರಿ.

ಅರಮನೆಯಲ್ಲಿ ಏನಾಯಿತು? ಆಗಬೇಕಾದ್ದೇ ಆಯಿತು. ಕೊಟ್ಟ ಮಾತು ದೊರೆಯ ಕೈಯಲ್ಲಿ ಉಳಿಯಲಿಲ್ಲ. ಪೂಜೆಯ ವಿಷಯದಲ್ಲಿ, ಶಿವಭಕ್ತರು ಬಂದಾಗ, ಗುರು ಬಂದಾಗ, ಹೀಗೆ ಒಂದರ ಹಿಂದೆ ಒಂದು ತಪ್ಪು ನಡೆದುಹೋಯಿತು. ಮಹಾದೇವಿ ಜಗಳ ಕಾಯಲಿಲ್ಲ, ಶಾಪ ಹಾಕಲಿಲ್ಲ. ಲೆಕ್ಕ ಇಟ್ಟುಕೊಂಡಿದ್ದಳು. ಮೂರು ತುಂಬಿತು, ಕರಾರು ಮುಗಿಯಿತು, ಎದ್ದು ಹೊರಟಳು. ಅರಮನೆಯ ಒಡವೆ, ಸೀರೆ, ಯಾವುದೂ ತನಗೆ ಬೇಡವೆಂದು ಮೈಮೇಲಿನ ಬಟ್ಟೆಯನ್ನೂ ಅಲ್ಲೇ ಬಿಟ್ಟು ನಡೆದಳು. ನೀಳ ಕೂದಲೇ ಅವಳಿಗೆ ಮರೆಯಾಯಿತು.

ಚಾಮರಸ ಇದನ್ನು ಒಪ್ಪುವುದಿಲ್ಲ. ಅವನ ಪ್ರಕಾರ ಮದುವೆಯೇ ನಡೆಯಲಿಲ್ಲ. ಅವಳು ಅರಮನೆಗೆ ಹೋದದ್ದು ನಿಜ, ಷರತ್ತು ಹಾಕಿದ್ದೂ ನಿಜ, ಆದರೆ ಕೌಶಿಕನಿಗೆ ಹೆಂಡತಿಯಾಗದೆಯೇ ಎಲ್ಲವನ್ನೂ ಬಿಸುಟು ಹೊರಟಳು. ಮದುವೆಯಾಯಿತೇ ಇಲ್ಲವೇ ಎಂಬ ಬಗ್ಗೆ ವಿದ್ವಾಂಸರು ಬೇಕಾದಷ್ಟು ವಾದ ಮಾಡಿದ್ದಾರೆ. ನಮ್ಮ ಕಡೆ ಕಟ್ಟೆಯ ಮೇಲೂ ಆಗೊಮ್ಮೆ ಈಗೊಮ್ಮೆ ಈ ವಾದ ಏಳುವುದುಂಟು. ಮದುವೆಯಾಗಿತ್ತು ಅಂದರೆ ಅಕ್ಕನಿಗೆ ಕುಂದು ಬಂತು ಅಂತ ಕೆಲವರು ಮುಖ ಕೆಂಪು ಮಾಡಿಕೊಳ್ಳುತ್ತಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ಹರಿಹರ ಹತ್ತಿರದ ಕಾಲದವನು, ಅವನಿಗೂ ಅಕ್ಕನ ಮೇಲೆ ಅಪಾರ ಭಕ್ತಿ. ಬಲವಂತದ ಮದುವೆ ಆಗಿದ್ದರೆ ಕುಂದು ಬಲವಂತ ಮಾಡಿದವನದು, ಹುಡುಗಿಯದು ಹೇಗಾದೀತು? ಹೆತ್ತವರಿಗೋಸ್ಕರ ಅರಮನೆಗೆ ಕಾಲಿಟ್ಟು, ಮತ್ತೆ ತಾನಾಗಿಯೇ ಹೊರಗೆ ಬಂದವಳ ಕಥೆ ನಮ್ಮ ಹೆಣ್ಣುಮಕ್ಕಳಿಗೆ ಇನ್ನೂ ಹತ್ತಿರವಾಗುತ್ತದೆ ಅಂತ ನಮ್ಮ ಅಭಿಪ್ರಾಯ. ಬೇರೆ ಅಭಿಪ್ರಾಯದವರು ಕೋಪಿಸಿಕೊಳ್ಳಬಾರದು.

ಬಟ್ಟೆ ಬಿಟ್ಟ ವಿಷಯ ಮಕ್ಕಳು ಕೇಳಿದರೆ ಹೇಗೆ ಹೇಳುವುದು ಅಂತ ಸಂಕೋಚಪಡುವವರಿದ್ದಾರೆ. ನಾಟಕದವರೂ ಆ ಭಾಗವನ್ನು ಪರದೆ ಎಳೆದು ದಾಟಿಸಿಬಿಡುತ್ತಾರೆ. ಆದರೆ ಅದು ಹುಚ್ಚೂ ಅಲ್ಲ, ಹಟವೂ ಅಲ್ಲ. ದೊರೆ ಬಯಸಿದ್ದು ಅವಳ ದೇಹದ ಚೆಲುವನ್ನು. ಆ ಚೆಲುವನ್ನು ಮುಚ್ಚಿಟ್ಟು ಕಾಪಾಡುವ ಭಾರವೂ ಲೋಕದ ರೀತಿಯಲ್ಲಿ ಅವಳದೇ. ಆ ಭಾರವನ್ನೇ ಅವಳು ಇಳಿಸಿ ನಡೆದಳು. ಅವಮಾನ ಪಡಬೇಕಾದವರು ಬೇರೆ ಇದ್ದರು.

ಉಡುತಡಿಯಿಂದ ಕಲ್ಯಾಣಕ್ಕೆ ಹೊರಟಳು. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ನೆಟ್ಟಗೆ ಗೆರೆ ಎಳೆದರೂ 400 ಕಿಲೋಮೀಟರ್ ಮೀರುತ್ತದೆ. ಕಾಲುದಾರಿಯಲ್ಲಿ ಸುತ್ತಿ ಬಳಸಿ ಹೋದರೆ ಎಷ್ಟಾಯಿತೋ. ನಡುವೆ ವರದಾ, ತುಂಗಭದ್ರೆ, ಮಲಪ್ರಭೆ, ಕೃಷ್ಣೆ, ಭೀಮೆಯರ ಸೀಮೆ, ಎರೆಹೊಲಗಳ ಬಿಸಿಲು. ಒಂಟಿ ಹುಡುಗಿ. ಹಸಿವಾದರೆ ಏನು ಮಾಡುವುದು, ನೀರಡಿಸಿದರೆ ಏನು, ರಾತ್ರಿ ಎಲ್ಲಿ ಮಲಗುವುದು, ಈ ಲೆಕ್ಕವನ್ನೆಲ್ಲ ಅವಳು ತನ್ನ ವಚನದಲ್ಲಿ ಇಟ್ಟಿದ್ದಾಳೆ. ಅದರಲ್ಲಿ ಗೋಳಾಟವಿಲ್ಲ. ಇಷ್ಟಿದೆ, ಸಾಕು ಅನ್ನುವ ಧಾಟಿ. ದಾರಿಯಲ್ಲಿ ಕಾಡಿದ ಗಂಡಸರೂ ಇದ್ದರು ಎಂಬುದು ಕೆಲವು ವಚನಗಳಿಂದ ತಿಳಿಯುತ್ತದೆ. ಅವರಿಗೂ ಅವಳು ಬೈದು ಉತ್ತರ ಕೊಟ್ಟವಳಲ್ಲ. ಅಣ್ಣಾ, ತಂದೆ ಎಂದೇ ಕರೆದು ಬುದ್ಧಿ ಹೇಳಿದವಳು.

ಕಲ್ಯಾಣದಲ್ಲಿ ಆಗ ಬಸವಣ್ಣನವರು ಬಿಜ್ಜಳನ ಭಂಡಾರಿ. ಅವರ ಸುತ್ತ ಶರಣರ ದೊಡ್ಡ ಕೂಟ. ಮಡಿವಾಳರು, ಅಂಬಿಗರು, ಮಾದರರು, ಮೇದಾರರು, ಹಡಪದವರು, ಹೀಗೆ ಎಲ್ಲ ಕಾಯಕದವರೂ ಒಂದೇ ಮಟ್ಟದಲ್ಲಿ ಕೂತು ಮಾತಾಡುತ್ತಿದ್ದ ಜಾಗ. ಇಂಥ ಕಡೆ ಬಂದ ಮೇಲಾದರೂ ಹುಡುಗಿಗೆ ನೆಮ್ಮದಿ ಸಿಕ್ಕಿತು ಅಂದುಕೊಳ್ಳುತ್ತೇವೆ. ಇಲ್ಲ. ಅಲ್ಲೂ ಪರೀಕ್ಷೆ. ಮೊದಲು ಕಿನ್ನರಿ ಬೊಮ್ಮಯ್ಯ ಅಡ್ಡಗಟ್ಟಿ ಅವಳ ವೈರಾಗ್ಯವನ್ನು ಒರೆಗೆ ಹಚ್ಚಿದ. ಆಮೇಲೆ ಮಂಟಪದಲ್ಲಿ ಸಾಕ್ಷಾತ್ ಅಲ್ಲಮಪ್ರಭುಗಳೇ ಪ್ರಶ್ನೆ ಕೇಳಲು ಕೂತರು. ಶೂನ್ಯಸಂಪಾದನೆಯಲ್ಲಿ ಈ ಭಾಗ ವಿಸ್ತಾರವಾಗಿ ಬಂದಿದೆ.

ಪ್ರಭುಗಳ ಪ್ರಶ್ನೆಗಳು ಮೆತ್ತಗಿನವಲ್ಲ. ನಿನ್ನ ಗಂಡ ಯಾರು ಹೇಳು, ಇಲ್ಲದಿದ್ದರೆ ಇಲ್ಲಿ ಕೂರಬೇಡ ಎಂಬ ರೀತಿ. ಬಟ್ಟೆ ಬಿಟ್ಟವಳು ಕೂದಲಲ್ಲಿ ಮೈ ಮರೆಮಾಡಿಕೊಂಡದ್ದೇಕೆ, ಒಳಗೆ ಇನ್ನೂ ನಾಚಿಕೆ ಉಳಿದಿದೆಯಲ್ಲವೇ ಎಂಬುದು ಇನ್ನೊಂದು. ತುಂಬಿದ ಸಭೆಯಲ್ಲಿ, ಹಿರಿಯರ ಮುಂದೆ, ಇಂಥ ಪ್ರಶ್ನೆ ಬಂದರೆ ಯಾರಿಗಾದರೂ ಕಣ್ಣಲ್ಲಿ ನೀರು ಬರುತ್ತದೆ, ಇಲ್ಲವೇ ಸಿಟ್ಟು ಬರುತ್ತದೆ. ಅವಳು ಎರಡನ್ನೂ ಮಾಡಲಿಲ್ಲ. ಮರೆಮಾಡಿದ್ದು ತನಗಾಗಿ ಅಲ್ಲ, ನೋಡುವವರ ಮನಸ್ಸು ನೋಯಬಾರದೆಂದು ಅಂತ ಶಾಂತವಾಗಿ ತಿಳಿಸಿದಳು. ಒಂದೊಂದು ಪ್ರಶ್ನೆಗೂ ಹೀಗೆಯೇ. ಸೋಲಿಸಬೇಕೆಂಬ ಛಲವಿಲ್ಲ, ಸೋಲುವ ಅಂಜಿಕೆಯೂ ಇಲ್ಲ.

ಪ್ರಭುಗಳು ಕೌಶಿಕನಲ್ಲ ಅನ್ನುವುದನ್ನು ನಾವು ಬಲ್ಲೆವು. ಅವಳ ನಿಲುವನ್ನು ಲೋಕಕ್ಕೆ ತೋರಿಸಲೆಂದೇ ಅವರು ಹಾಗೆ ಕೇಳಿದರೆಂದು ಹಿರಿಯರು ಹೇಳುತ್ತಾರೆ. ಇರಬಹುದು. ಆದರೂ ಅದೇ ಮಂಟಪಕ್ಕೆ ಬಂದ ಗಂಡಸರಿಗೆ ನಿನ್ನ ಹೆಂಡತಿ ಯಾರು ಅಂತ ಕೇಳಿ ಒಳಗೆ ಬಿಟ್ಟರೇ ಎಂದು ನಮ್ಮ ಮನೆಯ ಹೆಣ್ಣುಮಕ್ಕಳು ಕೇಳಿದಾಗ ನಮಗೆ ಉತ್ತರ ಹೊಳೆಯಲಿಲ್ಲ. ಅಷ್ಟು ಮಾತ್ರ ಬರೆದು ಬಿಡುತ್ತೇವೆ.

ಕೊನೆಗೆ ಪ್ರಭುಗಳು ತಲೆದೂಗಿದರು. ಬಸವಣ್ಣನವರು, ಚೆನ್ನಬಸವಣ್ಣನವರು, ಎಲ್ಲ ಶರಣರೂ ಒಪ್ಪಿಕೊಂಡರು. ವಯಸ್ಸಿನಲ್ಲಿ ಅಲ್ಲಿದ್ದ ಬಹುಪಾಲು ಜನರಿಗಿಂತ ಚಿಕ್ಕವಳಾದ ಹುಡುಗಿ ಅಂದಿನಿಂದ ಎಲ್ಲರಿಗೂ ಅಕ್ಕ ಆದಳು. ಹಿರಿಯ ಶರಣರ ಎಷ್ಟೋ ವಚನಗಳಿಗೆ ಅಕ್ಕನ ಒಂದೇ ವಚನ ಸಮ ಎಂದು ಚೆನ್ನಬಸವಣ್ಣನವರು ಮೆಚ್ಚಿ ಬರೆದರು. ನಮ್ಮ ಕಡೆ ಅಪರಿಚಿತ ಹೆಣ್ಣುಮಗಳನ್ನೂ ಅಕ್ಕಾ ಎಂದು ಕರೆಯುವ ರೂಢಿ ಇದೆ. ಬಸ್ಸಿನಲ್ಲಿ, ಸಂತೆಯಲ್ಲಿ ದಿನಕ್ಕೆ ಹತ್ತು ಸಲ ಕರೆಯುತ್ತೇವೆ. ಬರೀ ಅಕ್ಕ ಅಂದರೆ ಸಾಕು, ಹೆಸರೇ ಬೇಡ, ಅಷ್ಟಕ್ಕೇ ಗುರುತು ಸಿಗುವ ಹೆಣ್ಣುಮಗಳು ಕನ್ನಡ ನಾಡಿನಲ್ಲಿ ಇವಳೊಬ್ಬಳೇ.

ಕಲ್ಯಾಣದಲ್ಲೇ ಇದ್ದುಬಿಡಬಹುದಿತ್ತು. ಗೌರವ ಇತ್ತು, ಸತ್ಸಂಗ ಇತ್ತು. ಆದರೆ ಅವಳ ಮನಸ್ಸು ಶ್ರೀಶೈಲದ ಕಡೆಗೆ. ಮತ್ತೆ ನಡಿಗೆ, ಈ ಸಲ ಆಗ್ನೇಯ ದಿಕ್ಕಿಗೆ, ಗೆರೆ ಎಳೆದಂತೆ ಹೋದರೂ 300 ಕಿಲೋಮೀಟರ್‌ಗೆ ಹತ್ತಿರ. ನಲ್ಲಮಲ ಕಾಡು, ಕೆಳಗೆ ಕೃಷ್ಣೆಯ ಆಳ ಕಣಿವೆ, ಮೇಲೆ ಮಲ್ಲಿಕಾರ್ಜುನ. ಹರಿಹರ ಇಲ್ಲೊಂದು ಸಂಗತಿ ಹೇಳುತ್ತಾನೆ. ತಂದೆತಾಯಿ ಅಲ್ಲಿಗೂ ಬಂದು ಮಗಳನ್ನು ಮನೆಗೆ ಕರೆದರು. ಕೌಶಿಕನೂ ಬಂದ, ಈ ಸಲ ದೊರೆಯಾಗಿ ಅಲ್ಲ, ಶಿವಭಕ್ತನ ವೇಷದಲ್ಲಿ. ಅವನನ್ನೂ ಅಕ್ಕ ಹಂಗಿಸಲಿಲ್ಲ, ಅವನ ಜೊತೆ ಹಿಂದಿರುಗಲೂ ಇಲ್ಲ. ತಂದೆತಾಯಿಯರನ್ನು ಸಮಾಧಾನ ಮಾಡಿ ಕಳಿಸಿಕೊಟ್ಟಳು. ಹೆತ್ತ ಕರುಳು ಆ ಕಾಡಿನಿಂದ ಬರಿಗೈಯಲ್ಲಿ ಊರಿಗೆ ಹೇಗೆ ಮರಳಿತೋ, ಬರೆಯುವಾಗ ನಮಗೇ ಕಷ್ಟವಾಗುತ್ತದೆ.

ಶ್ರೀಶೈಲದ ಕದಳಿಯಲ್ಲಿ ಅಕ್ಕ ಲಿಂಗೈಕ್ಯಳಾದಳು. ಆಗಲೂ ಅವಳದು ಚಿಕ್ಕ ವಯಸ್ಸೇ. ಅಲ್ಲಿ ಅಕ್ಕಮಹಾದೇವಿಯ ಗವಿ ಎಂದು ಕರೆಯುವ ಸ್ಥಳಕ್ಕೆ ಯಾತ್ರಿಕರು ಕೃಷ್ಣೆಯಲ್ಲಿ ದೋಣಿ ಹತ್ತಿ ಹೋಗುತ್ತಾರೆ.

ಅವಳು ಬಿಟ್ಟುಹೋದದ್ದು 430ರಷ್ಟು ವಚನಗಳು, ಯೋಗಾಂಗ ತ್ರಿವಿಧಿ ಎಂಬ ತ್ರಿಪದಿಯ ಕೃತಿ. ಕಲ್ಯಾಣ ಚೆದುರಿಹೋದ ಮೇಲೆ ಓಲೆಗರಿಗಳಲ್ಲಿ, ಮಠಗಳ ಗಂಟುಗಳಲ್ಲಿ, ಎಷ್ಟೋ ಮನೆಗಳ ಜಂತಿಯಲ್ಲಿ ಈ ಮಾತುಗಳು ಉಳಿದುಕೊಂಡು ಬಂದವು. ಅವನ್ನು ಹುಡುಕಿ, ತಿದ್ದಿ, ಅಚ್ಚು ಹಾಕಿಸಿ ನಮ್ಮ ಕೈಗೆ ಸಿಗುವಂತೆ ಮಾಡಿದವರಲ್ಲಿ ಮೊದಲಿಗರು ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು. 1923ರಲ್ಲಿ ಅವರ ವಚನಶಾಸ್ತ್ರಸಾರ ಹೊರಬಂತು. ಸಹಕಾರಿಗಳಾದ ನಾವು ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ಇದೇ ಹಳಕಟ್ಟಿಯವರು 1912ರಲ್ಲಿ ವಿಜಯಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದವರು. ಒಂದು ಕೈಯಲ್ಲಿ ಓಲೆಗರಿ, ಇನ್ನೊಂದು ಕೈಯಲ್ಲಿ ಷೇರು ಪುಸ್ತಕ. ಅದೇ ಊರಿನಲ್ಲಿ 2003ರಲ್ಲಿ ಹುಟ್ಟಿದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರನ್ನು ಇಟ್ಟರು. ನಾಡಿನ ಎಲ್ಲೆಲ್ಲಿಂದಲೋ ಹೆಣ್ಣುಮಕ್ಕಳು ಅಲ್ಲಿಗೆ ಓದಲು ಹೋಗುತ್ತಾರೆ.

ಸಂಘದ ಕಚೇರಿಯ ಬೀರುವಿನಲ್ಲಿ ಅಕ್ಕನ ವಚನಗಳ ಒಂದು ಪುಸ್ತಕ ಇದೆ. ಈ ಲೇಖನಕ್ಕಾಗಿ ನಾವು ತೆಗೆದುಕೊಂಡು ಹೋಗಿದ್ದೆವು, ಮರಳಿ ಇಟ್ಟಿದ್ದೇವೆ. ಓದಬೇಕೆನ್ನುವ ಸದಸ್ಯರು, ಅದರಲ್ಲೂ ಹೆಣ್ಣುಮಕ್ಕಳು, ಕಾರ್ಯದರ್ಶಿಗಳನ್ನು ಕೇಳಿ, ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು. ಸಹಿ ಮಾತ್ರ ಅವರದೇ ಆಗಿರಬೇಕು. ಮನೆಯ ಗಂಡಸರು ಬಂದು ಅವರ ಪರವಾಗಿ ಹಾಕುವಂತಿಲ್ಲ.